ಮಂತ್ರಿ ದೊಡ್ಡವರಾ, ಕಾರ್ಯದರ್ಶಿ ದೊಡ್ಡವರಾ? ‘ಯೆಸ್ ಮಿನಿಸ್ಟರ್’ ಧಾರಾವಾಹಿಯ ಹಿಂದಿನ ಚರಿತ್ರೆ

ಈ ಸಂಚಿಕೆಯಲ್ಲಿ ಯುದ್ಧ ಇಲ್ಲ, ರಾಜವಂಶ ಇಲ್ಲ. ಮೂರು ಜನ ಒಂದು ಕೋಣೆಯಲ್ಲಿ ಕೂತು ಮಾತಾಡೋ ಒಂದು ಟಿವಿ ಧಾರಾವಾಹಿಯ ಚರಿತ್ರೆ ಇದೆ. ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಆರಾಮಾಗಿ ಕೇಳಿ. ನಗು ಬಂದ್ರೆ ನಗಿ. ಆದ್ರೆ ಈ ಕಥೆಯ ನಡುವೆ ಒಂದು ಸಾವು ಇದೆ ಅಂತ ಮೊದಲೇ ಹೇಳಿಬಿಡ್ತೀನಿ.

1984ರ ಜನವರಿ 20ಕ್ಕೆ ಹೋಗೋಣ. ಲಂಡನ್‌ನಲ್ಲಿ ಒಂದು ಪ್ರಶಸ್ತಿ ಸಮಾರಂಭ. ಟಿವಿಯಲ್ಲಿ ಅಶ್ಲೀಲತೆ ಹೆಚ್ಚಾಯ್ತು ಅಂತ ವರ್ಷಗಟ್ಟಲೆ ಹೋರಾಡ್ತಿದ್ದ ಮೇರಿ ವೈಟ್‌ಹೌಸ್ ಅವರ ಸಂಘಟನೆ ‘ಯೆಸ್ ಮಿನಿಸ್ಟರ್’ ಅನ್ನೋ ಬಿಬಿಸಿ ಹಾಸ್ಯ ಧಾರಾವಾಹಿಗೆ ಪ್ರಶಸ್ತಿ ಕೊಡ್ತಿತ್ತು. ಕೊಡೋಕೆ ಬಂದಿದ್ದವರು ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಬಂದವರು ಪ್ರಶಸ್ತಿ ಕೊಟ್ಟು ಹೋಗಲಿಲ್ಲ. ಧಾರಾವಾಹಿಯ ಇಬ್ಬರು ಮುಖ್ಯ ನಟರನ್ನ ಪಕ್ಕದಲ್ಲಿಟ್ಟುಕೊಂಡು ಒಂದು ಪುಟ್ಟ ಪ್ರಹಸನ ಆಡಿದರು. ಅದರಲ್ಲಿ ಪ್ರಧಾನಿ ದೇಶದ ಅರ್ಥಶಾಸ್ತ್ರಜ್ಞರನ್ನೆಲ್ಲ ರದ್ದು ಮಾಡಬೇಕು ಅಂತಾರೆ. ಹಿರಿಯ ಅಧಿಕಾರಿ ತಬ್ಬಿಬ್ಬಾಗ್ತಾರೆ. ಕೊನೆಗೆ ಆ ಅಧಿಕಾರಿ ಓದಿದ್ದೂ ಅರ್ಥಶಾಸ್ತ್ರವೇ ಅಂತ ಗೊತ್ತಾಗುತ್ತೆ. ಹಾಗಿದ್ರೆ ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ ನಿಮಗೇ ಗೊತ್ತು ಅಂತ ಪ್ರಧಾನಿ ಹೇಳ್ತಾರೆ.

ಪ್ರಹಸನ ಪ್ರಧಾನಿಯವರೇ ಬರೆದದ್ದು ಅಂತ ಪ್ರಚಾರ ಆಯ್ತು. ಅದರಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ಬರ್ನಾರ್ಡ್ ಇಂಗಮ್ ಕೈವಾಡ ದೊಡ್ಡದಿತ್ತು ಅನ್ನೋದು ಆಮೇಲೆ ಹೊರಬಂದ ವಿಷಯ. ಇಬ್ಬರು ನಟರಿಗೂ ಇದು ಮುಜುಗರದ ಕೆಲಸವಾಗಿತ್ತು. ಸಮಾರಂಭದಲ್ಲಿ ಮಾತಾಡಿದ ಲೇಖಕ ಜೊನಾಥನ್ ಲಿನ್, ಪ್ರಧಾನಿಯವರು ಹಾಸ್ಯ ಧಾರಾವಾಹಿಯ ಲೋಕದಲ್ಲಿ ತಮಗೆ ಸಲ್ಲಬೇಕಾದ ಜಾಗ ಕೊನೆಗೂ ಹಿಡಿದರು ಅನ್ನೋ ಅರ್ಥದಲ್ಲಿ ಧನ್ಯವಾದ ಹೇಳಿದರು. ಸಭೆ ಗೊಳ್ಳೆಂದು ನಕ್ಕಿತು.

ಈಗ ನನ್ನ ಪ್ರಶ್ನೆ. ಸರ್ಕಾರವನ್ನ ವಾರವಾರ ಗೇಲಿ ಮಾಡೋ ಧಾರಾವಾಹಿಯನ್ನ ಸರ್ಕಾರದ ಮುಖ್ಯಸ್ಥೆ ಇಷ್ಟೊಂದು ಮೆಚ್ಚೋದು ಯಾಕೆ? ಮತ್ತೆ, ನಲವತ್ತು ವರ್ಷ ಕಳೆದ ಮೇಲೆ, ಇಂಗ್ಲೆಂಡಿನ ರಾಜಕೀಯದ ಗಂಧಗಾಳಿ ಇಲ್ಲದ ನಾವು ಅದರ ತುಣುಕುಗಳನ್ನ ಫೋನಲ್ಲಿ ನೋಡಿ ವಾಟ್ಸಾಪ್‌ನಲ್ಲಿ ಹಂಚೋದು ಯಾಕೆ? ನಾನೂ ಈ ಧಾರಾವಾಹಿಯನ್ನ ಮೊದಲು ನೋಡಿದ್ದು ಹಾಗೇ, ಎರಡೆರಡು ನಿಮಿಷದ ತುಣುಕುಗಳಾಗಿ. ಇಡೀ ಸಂಚಿಕೆ ನೋಡೋಕೆ ಕೂತಿದ್ದು ಆಮೇಲೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಜಿಮ್ ಹ್ಯಾಕರ್ ಅನ್ನೋ ರಾಜಕಾರಣಿ ಚುನಾವಣೆ ಗೆದ್ದು ಮಂತ್ರಿ ಆಗ್ತಾರೆ. ಸಿಕ್ಕಿದ್ದು ‘ಆಡಳಿತ ವ್ಯವಹಾರಗಳ ಇಲಾಖೆ’. ಅಂಥ ಇಲಾಖೆ ನಿಜವಾಗಿ ಇಲ್ಲ, ಲೇಖಕರು ಹುಟ್ಟಿಸಿದ್ದು. ಆ ಇಲಾಖೆಯ ಕಾಯಂ ಕಾರ್ಯದರ್ಶಿ ಸರ್ ಹಂಫ್ರಿ ಆ್ಯಪಲ್‌ಬಿ. ಮಂತ್ರಿಗಳು ಬರ್ತಾರೆ, ಹೋಗ್ತಾರೆ, ಹಂಫ್ರಿ ಮಾತ್ರ ಅಲ್ಲೇ ಇರ್ತಾರೆ. ಇಬ್ಬರ ನಡುವೆ ಸಿಕ್ಕಿಹಾಕಿಕೊಂಡವನು ಮಂತ್ರಿಯ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿ. ಸಂಬಳ, ಬಡ್ತಿ ಹಂಫ್ರಿ ಕೈಯಲ್ಲಿ, ದಿನದ ಕೆಲಸ ಮಂತ್ರಿ ಹತ್ತಿರ. ಅವನದು ಅತ್ತ ದರಿ ಇತ್ತ ಪುಲಿ ಪರಿಸ್ಥಿತಿ. ಪಾಲ್ ಎಡಿಂಗ್ಟನ್, ನೈಜೆಲ್ ಹಾಥಾರ್ನ್, ಡೆರೆಕ್ ಫೌಲ್ಡ್ಸ್ ಈ ಮೂರು ಪಾತ್ರ ಮಾಡಿದರು. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್.

ಮೊದಲ ಸಂಚಿಕೆ ಪ್ರಸಾರವಾದದ್ದು 1980ರ ಫೆಬ್ರುವರಿ 25ರಂದು, ಬಿಬಿಸಿ 2ರಲ್ಲಿ. ನಿಜ ಹೇಳ್ಬೇಕಂದ್ರೆ ಅದು ಅದಕ್ಕೂ ಒಂದು ವರ್ಷ ಮೊದಲೇ ಸಿದ್ಧವಾಗಿತ್ತು. 1979ರಲ್ಲಿ ಸಾರ್ವತ್ರಿಕ ಚುನಾವಣೆ ಬಂತು. ಚುನಾವಣೆ ಹೊತ್ತಲ್ಲಿ ಸರ್ಕಾರವನ್ನ ಗೇಲಿ ಮಾಡೋ ಧಾರಾವಾಹಿ ಹಾಕೋದು ಬೇಡ ಅಂತ ಬಿಬಿಸಿ ಕಾಯ್ತು. ಫಲಿತಾಂಶ ಬಂದು, ಲೇಬರ್ ಪಕ್ಷ ಸೋತು, ಥ್ಯಾಚರ್ ಬಂದು ಕೂತ ಮೇಲೆ ಪ್ರಸಾರ ಆಯ್ತು. 1982ರವರೆಗೆ ಮೂರು ಸರಣಿ, 1984ರ ಕ್ರಿಸ್‌ಮಸ್ ಹೊತ್ತಿಗೆ ಹ್ಯಾಕರ್ ಪ್ರಧಾನಿ ಪಟ್ಟಕ್ಕೇರೋ ವಿಶೇಷ ಸಂಚಿಕೆ, ಆಮೇಲೆ 1986ರಿಂದ 1988ರವರೆಗೆ ‘ಯೆಸ್ ಪ್ರೈಮ್ ಮಿನಿಸ್ಟರ್’. ಒಟ್ಟು 38 ಸಂಚಿಕೆ. ಇವತ್ತಿನ ಲೆಕ್ಕದಲ್ಲಿ ಒಂದು ವಾರಾಂತ್ಯದಲ್ಲಿ ನೋಡಿ ಮುಗಿಸಬಹುದು.

ಒಂದು ವಿಷಯ ಗಮನಿಸಿ. ಹ್ಯಾಕರ್ ಯಾವ ಪಕ್ಷದವರು ಅಂತ 38 ಸಂಚಿಕೆಯಲ್ಲಿ ಎಲ್ಲೂ ಹೇಳೋದಿಲ್ಲ. ಅದಕ್ಕೇ ಯಾವ ಪಕ್ಷದವರು ನೋಡಿದ್ರೂ ಎದುರು ಪಕ್ಷದವರನ್ನ ನೆನೆಸಿಕೊಂಡು ನಗ್ತಾರೆ. ಸಂಸತ್ತಿನ ಒಳಗಿನ ಭಾಷಣಗಳೂ ಇಲ್ಲಿಲ್ಲ. ಸರ್ಕಾರ ನಡೆಯೋದು ಸಂಸತ್ತಿನ ಗದ್ದಲದಲ್ಲಿ ಅಲ್ಲ, ಮುಚ್ಚಿದ ಬಾಗಿಲ ಹಿಂದೆ, ಕಡತದ ಅಂಚಿನ ಟಿಪ್ಪಣಿಯಲ್ಲಿ ಅನ್ನೋದು ಲೇಖಕರ ನಿಲುವು. ನಮ್ಮಲ್ಲಿ ಇದಕ್ಕೆ ಒಂದೇ ಸಾಲಿನ ಗಾದೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅಂತ. 38 ಸಂಚಿಕೆಯೂ ಈ ಗಾದೆಯ ವಿಸ್ತರಣೆ ಅನ್ನಬಹುದು.

ಹಾಗಾದ್ರೆ ಈ ಲೇಖಕರಿಗೆ ಮುಚ್ಚಿದ ಬಾಗಿಲ ಹಿಂದಿನದು ಗೊತ್ತಾಗಿದ್ದು ಹೇಗೆ? ಆಂಟನಿ ಜೇ ಮೊದಲು ಬಿಬಿಸಿಯಲ್ಲಿ ಸುದ್ದಿ ಆಧಾರಿತ ಕಾರ್ಯಕ್ರಮಗಳನ್ನ ಮಾಡಿದವರು. ಆಡಳಿತ ಅವರಿಗೆ ಹತ್ತಿರದಿಂದ ಗೊತ್ತಿತ್ತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಕಚೇರಿಯಲ್ಲಿದ್ದ ಮಾರ್ಸಿಯಾ ವಿಲಿಯಮ್ಸ್, ಬರ್ನಾರ್ಡ್ ಡೊನೊಹ್ಯೂ ಅವರಂಥ ಒಳಗಿನವರು ಲೇಖಕರಿಗೆ ಮಾಹಿತಿ ಕೊಟ್ಟರು. ಅದಕ್ಕೂ ದೊಡ್ಡ ಗಣಿ ಅಂದ್ರೆ ರಿಚರ್ಡ್ ಕ್ರಾಸ್‌ಮನ್ ಅನ್ನೋ ಮಂತ್ರಿಯ ದಿನಚರಿ. 1964ರಲ್ಲಿ ವಸತಿ ಮಂತ್ರಿಯಾದ ಕ್ರಾಸ್‌ಮನ್ ಒಳಗೆ ನಡೆದದ್ದನ್ನೆಲ್ಲ ದಾಖಲಿಸುತ್ತಾ ಹೋದರು. 1974ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಟಣೆಗೆ ಹೊರಟಾಗ ಸರ್ಕಾರ ತಡೆಯೋಕೆ ಕೋರ್ಟಿಗೆ ಹೋಯ್ತು. 1975ರಲ್ಲಿ ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಪುಸ್ತಕ ಬಂತು. ಅಧಿಕಾರಿಗಳ ಅತಿ ವಿನಯ, ಅದರ ಹಿಂದಿನ ಹಟ, ಮಂತ್ರಿಯನ್ನ ಮೆತ್ತಗೆ ಸುತ್ತುವರಿಯೋ ರೀತಿ, ಎಲ್ಲ ಅಲ್ಲಿತ್ತು.

ಇನ್ನೊಂದು ಸೊಗಸಾದ ವಿಷಯ. ಕ್ರಾಸ್‌ಮನ್ ಜೊತೆ ಗುದ್ದಾಡಿದ ನಿಜವಾದ ‘ಹಂಫ್ರಿ’ ಗಂಡಸಲ್ಲ. ಆಕೆಯ ಹೆಸರು ಎವಲಿನ್ ಶಾರ್ಪ್. 1955ರಲ್ಲಿ ಬ್ರಿಟನ್ನಿನ ಮೊದಲ ಮಹಿಳಾ ಕಾಯಂ ಕಾರ್ಯದರ್ಶಿ ಆದವರು. ಟಿವಿಗೆ ಬರೋ ಹೊತ್ತಿಗೆ ಆ ಕುರ್ಚಿಯಲ್ಲಿ ಸೂಟು ಹಾಕಿದ ಗಂಡಸು ಕೂತಿದ್ದ.

ಈಗ ನಾನು ಮೊದಲೇ ಹೇಳಿದ ಸಾವಿಗೆ ಬರೋಣ. ಈ ಧಾರಾವಾಹಿಯ ಬೀಜ ತನ್ನ ತಲೆಯಲ್ಲಿ ಬಿದ್ದದ್ದು ಯಾವಾಗ ಅಂತ ಕೇಳಿದಾಗ ಆಂಟನಿ ಜೇ ಒಂದು ಹಳೇ ಘಟನೆ ನೆನಪಿಸಿಕೊಂಡಿದ್ದರು. ಅದು ನಗೋ ಘಟನೆ ಅಲ್ಲ.

1950ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಟಿಮೊಥಿ ಇವಾನ್ಸ್ ಅನ್ನೋ ಯುವಕನನ್ನ ಗಲ್ಲಿಗೇರಿಸಲಾಯಿತು. ಸ್ವಂತ ಮಗುವನ್ನ ಕೊಂದ ಆರೋಪ. ಅವನ ಹೆಂಡತಿಯ ಶವವೂ ಅದೇ ಮನೆಯಲ್ಲಿ ಸಿಕ್ಕಿತ್ತು. ಅದೇ ಕಟ್ಟಡದ ಕೆಳಮನೆಯಲ್ಲಿದ್ದ ಜಾನ್ ಕ್ರಿಸ್ಟಿ ಅನ್ನೋನು ಇವಾನ್ಸ್ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದ. ಮೂರು ವರ್ಷ ಕಳೀತು. 1953ರಲ್ಲಿ ಆ ಕ್ರಿಸ್ಟಿಯ ಮನೆಯಲ್ಲಿ, ಹಿತ್ತಲಲ್ಲಿ ಹೆಂಗಸರ ಶವಗಳು ಒಂದಾದ ಮೇಲೊಂದು ಸಿಕ್ಕವು. ಅವನು ಸರಣಿ ಕೊಲೆಗಾರ. ಅವನನ್ನೂ ಗಲ್ಲಿಗೇರಿಸಿದರು. ಹಾಗಾದ್ರೆ ಇವಾನ್ಸ್? ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಕೊಲೆಗಾರರು ಇದ್ದರು ಅಂತ ನಂಬೋಕಾಗುತ್ತಾ? ಮರುತನಿಖೆ ಆಗಬೇಕು ಅಂತ ಕೂಗು ಎದ್ದಿತು.

ಆ ಬೇಡಿಕೆಯ ಮನವಿಗೆ ಸಹಿ ಹಾಕಿದವರಲ್ಲಿ ಲೇಬರ್ ಪಕ್ಷದ ಫ್ರಾಂಕ್ ಸೊಸ್ಕಿಸ್ ಒಬ್ಬರು. ಆಗ ಅವರು ವಿರೋಧ ಪಕ್ಷದಲ್ಲಿದ್ದರು. 1964ರಲ್ಲಿ ಅವರ ಪಕ್ಷ ಗೆದ್ದಿತು, ಸೊಸ್ಕಿಸ್ ಗೃಹಮಂತ್ರಿಯಾದರು. ಅಂದ್ರೆ ಆ ಮನವಿಗೆ ಉತ್ತರ ಕೊಡಬೇಕಾದ ಕುರ್ಚಿಯಲ್ಲಿ ಮನವಿಗೆ ಸಹಿ ಹಾಕಿದವರೇ ಕೂತರು. ಏನಾಯ್ತು ಗೊತ್ತಾ? ತನಿಖೆ ಬೇಡ ಅಂದರು. ತಾವೇ ಕೇಳಿದ್ದನ್ನ ತಾವೇ ತಿರಸ್ಕರಿಸಿದರು.

ಜೇ ಅವರಿಗೆ ಕಾಡಿದ್ದು ಇದೇ. ಆ ಮನುಷ್ಯ ಕೆಟ್ಟವನಲ್ಲ, ಸುಳ್ಳುಗಾರನೂ ಅಲ್ಲ. ಹಾಗಿದ್ರೆ ಆ ಕಟ್ಟಡದ ಒಳಗೆ ಹೋದ ಮೇಲೆ ಅವನಿಗೆ ಏನಾಯ್ತು? ಯಾರು ಏನು ಹೇಳಿದರು? ಯಾವ ಟಿಪ್ಪಣಿ ಮೇಜಿನ ಮೇಲೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹುಟ್ಟಿದ ಪಾತ್ರ ಸರ್ ಹಂಫ್ರಿ.

ಇವಾನ್ಸ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಒತ್ತಡ ಹೆಚ್ಚಾಗಿ, ಅದೇ ಸೊಸ್ಕಿಸ್ 1965ರಲ್ಲೇ ತನಿಖೆಗೆ ಆದೇಶ ಮಾಡಬೇಕಾಯ್ತು. ಮುಂದಿನ ಗೃಹಮಂತ್ರಿ ರಾಯ್ ಜೆಂಕಿನ್ಸ್ ಕಾಲದಲ್ಲಿ, 1966ರ ಅಕ್ಟೋಬರ್‌ನಲ್ಲಿ, ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿತು. ಗಲ್ಲಿಗೇರಿಸಿ ಹದಿನಾರು ವರ್ಷ ಆದ ಮೇಲೆ. ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲುಶಿಕ್ಷೆ ಕೊಡೋದು 1965ರಲ್ಲಿ ನಿಂತದ್ದಕ್ಕೆ ಇದ್ದ ಕಾರಣಗಳಲ್ಲಿ ಈ ಪ್ರಕರಣವೂ ಒಂದು.

ಇದನ್ನ ತಿಳಿದ ಮೇಲೆ ಧಾರಾವಾಹಿ ನನಗೆ ಬೇರೆ ಥರ ಕಾಣೋಕೆ ಶುರುವಾಯ್ತು. ಉದಾಹರಣೆಗೆ 1981ರ ಒಂದು ಸಂಚಿಕೆಯಲ್ಲಿ ಹೊಸ ಆಸ್ಪತ್ರೆಯೊಂದಿದೆ. ನೂರಾರು ಆಡಳಿತ ಸಿಬ್ಬಂದಿ ಇದ್ದಾರೆ, ವಾರ್ಡುಗಳು ಫಳಫಳ ಹೊಳೀತಿವೆ. ರೋಗಿಗಳು ಮಾತ್ರ ಒಬ್ಬರೂ ಇಲ್ಲ. ಮಂತ್ರಿ ಹೌಹಾರಿದರೆ, ಇದು ಅತ್ಯಂತ ಚೆನ್ನಾಗಿ ನಡೀತಿರೋ ಆಸ್ಪತ್ರೆ ಅಂತ ಅವರಿಗೆ ವಿವರಿಸಲಾಗುತ್ತೆ. ಸ್ವಚ್ಛತೆಗೆ ಪ್ರಶಸ್ತಿಯ ಮಾತೂ ಬರುತ್ತೆ! ನೀವು ನಗ್ತೀರಿ. ನಗ್ತಾ ನಗ್ತಾ, ಡಾಕ್ಟರೇ ಇಲ್ಲದ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರ ನೆನಪಾಗುತ್ತೆ. ಕಟ್ಟಡ ಉದ್ಘಾಟನೆ ಆಗಿದೆ, ಫಲಕದಲ್ಲಿ ಎಲ್ಲರ ಹೆಸರೂ ಇದೆ.

ಇನ್ನೊಂದು ದೃಶ್ಯ 1986ರದ್ದು. ಕಡ್ಡಾಯ ಸೇನಾ ಸೇವೆ ಬೇಕು ಅಂತ ಜನ ಹೇಳ್ತಿದ್ದಾರೆ ಅಂತ ಒಂದು ಸಮೀಕ್ಷೆ ಬಂದಿರುತ್ತೆ. ಹಂಫ್ರಿ ಬರ್ನಾರ್ಡ್‌ನನ್ನ ನಿಲ್ಲಿಸಿಕೊಂಡು ಸಾಲಾಗಿ ಪ್ರಶ್ನೆ ಕೇಳ್ತಾರೆ. ಯುವಕರಲ್ಲಿ ಶಿಸ್ತು ಕಡಿಮೆ ಆಗಿದೆಯಾ, ಅವರಿಗೆ ಮಾರ್ಗದರ್ಶನ ಬೇಕಾ ಅನ್ನೋ ಧಾಟಿಯಲ್ಲಿ. ಬರ್ನಾರ್ಡ್ ಎಲ್ಲಕ್ಕೂ ಹೌದು ಅಂತಾನೆ, ಕೊನೆಗೆ ಕಡ್ಡಾಯ ಸೇವೆಗೂ ಹೌದು ಅಂತಾನೆ. ತಕ್ಷಣ ಇನ್ನೊಂದು ಸಾಲು ಪ್ರಶ್ನೆ ಬರುತ್ತೆ. ಯುದ್ಧದ ಅಪಾಯದ ಬಗ್ಗೆ ಭಯ ಇದೆಯಾ, ಇಷ್ಟವಿಲ್ಲದವರ ಕೈಗೆ ಬಂದೂಕು ಕೊಡೋದು ಸರಿಯಾ ಅಂತ. ಈಗ ಅದೇ ಬರ್ನಾರ್ಡ್ ಕಡ್ಡಾಯ ಸೇವೆ ಬೇಡ ಅನ್ನೋದಕ್ಕೂ ಹೌದು ಅಂತಾನೆ. ಒಂದು ನಿಮಿಷದಲ್ಲಿ ಒಬ್ಬನೇ ಮನುಷ್ಯ ಎರಡು ವಿರುದ್ಧ ಸಮೀಕ್ಷೆಗೆ ಬಹುಮತ ಕೊಟ್ಟ. ಚುನಾವಣೆ ಹೊತ್ತಲ್ಲಿ ನಿಮ್ಮ ಫೋನಿಗೆ ಬರೋ ಸಮೀಕ್ಷೆಗಳನ್ನ ನೋಡುವಾಗ ಈ ದೃಶ್ಯ ನೆನಪಿಟ್ಕೊಳ್ಳಿ.

ಹಂಫ್ರಿಯ ಭಾಷೆ ಬಗ್ಗೆಯೂ ಹೇಳಲೇಬೇಕು. ಅವರು ಇಲ್ಲ ಅನ್ನೋದಿಲ್ಲ. ಉದ್ದುದ್ದ ವಾಕ್ಯದಲ್ಲಿ, ಷರತ್ತಿನ ಮೇಲೆ ಷರತ್ತು ಪೋಣಿಸಿ, ಕೊನೆಗೆ ಕೇಳುಗನಿಗೆ ಮೊದಲು ಏನು ಕೇಳಿದ್ದೆ ಅನ್ನೋದೇ ಮರೆತುಹೋಗೋ ಹಾಗೆ ಮಾಡ್ತಾರೆ. ನಮಗೆ ಇದು ಹೊಸದೇನಲ್ಲ. ‘ಪರಿಶೀಲನೆಯಲ್ಲಿದೆ’, ‘ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅನ್ನೋ ಸಾಲುಗಳನ್ನ ಓದಿ ಬೆಳೆದವರು ನಾವು. ಆ ಕ್ರಿಯಾಪದದ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಕ್ರಮ ತನ್ನಷ್ಟಕ್ಕೆ ತಾನೇ ಕೈಗೊಳ್ಳಲ್ಪಡುತ್ತೆ!

ಈ ಹೋಲಿಕೆ ಕಾಕತಾಳೀಯ ಅಲ್ಲ. ಬ್ರಿಟನ್ನಿನ ಕಾಯಂ ಆಡಳಿತ ಸೇವೆಗೆ ಅಡಿಪಾಯ ಹಾಕಿದ್ದು 1854ರ ನಾರ್ತ್‌ಕೋಟ್–ಟ್ರೆವೆಲ್ಯಾನ್ ವರದಿ. ಶಿಫಾರಸಿನ ಮೇಲೆ ಕೆಲಸ ಕೊಡೋದು ನಿಲ್ಲಿಸಿ, ಪರೀಕ್ಷೆ ನಡೆಸಿ, ಪಕ್ಷಕ್ಕೆ ಅಂಟಿಕೊಳ್ಳದ ಅಧಿಕಾರಿಗಳನ್ನ ತಗೊಳ್ಳಿ ಅಂತ ಅದು ಹೇಳಿತು. ಆ ಟ್ರೆವೆಲ್ಯಾನ್ ತನ್ನ ಮೊದಲ ವರ್ಷಗಳನ್ನ ಕಳೆದದ್ದು ಭಾರತದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ. ಅವನ ಭಾವಮೈದುನ ಮೆಕಾಲೆ ಅದೇ ವರ್ಷ ಭಾರತದ ಸಿವಿಲ್ ಸರ್ವಿಸ್‌ಗೆ ಪರೀಕ್ಷೆ ಹೇಗಿರಬೇಕು ಅಂತ ವರದಿ ಕೊಟ್ಟ. 1855ರಲ್ಲಿ ಲಂಡನ್‌ನಲ್ಲಿ ಆ ಪರೀಕ್ಷೆ ಶುರುವಾಯ್ತು. ಬ್ರಿಟನ್ನಿನ ಒಳಗೆ ಪೂರ್ತಿ ಮುಕ್ತ ಪರೀಕ್ಷೆ ಬಂದದ್ದು 1870ರಲ್ಲಿ. ಅಂದ್ರೆ ಹಂಫ್ರಿ ಮತ್ತು ನಮ್ಮ ವಿಧಾನಸೌಧದ ಕಾರ್ಯದರ್ಶಿಗಳು ಒಂದೇ ಬೇರಿನ ಎರಡು ಕೊಂಬೆಗಳು.

ಅದಕ್ಕೇ ಈ ಕಥೆಯನ್ನ ಇಲ್ಲಿಗೆ ತರೋದು ಕಷ್ಟವಾಗಲಿಲ್ಲ. 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಜೀ ಮಂತ್ರೀಜಿ’ ಅಂತ ಹಿಂದಿ ರೂಪ ಬಂತು. ಮಂತ್ರಿ ಸೂರ್ಯಪ್ರಕಾಶ್ ಸಿಂಗ್ ಆಗಿ ಫಾರೂಕ್ ಶೇಖ್, ಕಾರ್ಯದರ್ಶಿಯಾಗಿ ಜಯಂತ್ ಕೃಪಲಾನಿ. ಇನ್ನು ಕನ್ನಡದಲ್ಲಿ ಅಧಿಕಾರದ ಕೋಣೆಯ ನಾಟಕಕ್ಕೆ ಜನ ಎಷ್ಟು ಮುಗಿಬೀಳ್ತಾರೆ ಅನ್ನೋದಕ್ಕೆ ರಂಗಭೂಮಿಯಲ್ಲೇ ಸಾಕ್ಷಿ ಇದೆ. 1980ರ ದಶಕದಲ್ಲಿ ‘ಮುಖ್ಯಮಂತ್ರಿ’ ನಾಟಕ ಎಷ್ಟು ಪ್ರದರ್ಶನ ಕಂಡಿತು ಅಂದ್ರೆ, ಆ ಪಾತ್ರ ಮಾಡಿದ ನಟನ ಹೆಸರೇ ‘ಮುಖ್ಯಮಂತ್ರಿ ಚಂದ್ರು’ ಅಂತಾಯ್ತು. 1985ರಲ್ಲಿ ಅವರು ಗೌರಿಬಿದನೂರಿನಿಂದ ಗೆದ್ದು ನಿಜವಾಗಿಯೂ ಶಾಸಕರಾದರು.

ಈಗ ಥ್ಯಾಚರ್‌ಗೆ ವಾಪಸ್ ಬರೋಣ. ಅವರು ಯಾಕೆ ಮೆಚ್ಚಿದರು? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಬೇಕು. ಅಧಿಕಾರಶಾಹಿ ದಪ್ಪಗಾಗಿದೆ, ಅದನ್ನ ಕತ್ತರಿಸಬೇಕು ಅನ್ನೋದು ಅವರ ರಾಜಕೀಯವೇ ಆಗಿತ್ತು. 1979ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 7 ಲಕ್ಷ 30 ಸಾವಿರ ಕೇಂದ್ರ ಸರ್ಕಾರಿ ಅಧಿಕಾರಿಗಳು ಮತ್ತು ಸಿಬ್ಬಂದಿ ಇದ್ದರು. ಅವರು ಕುರ್ಚಿ ಬಿಟ್ಟ 1990ರ ಹೊತ್ತಿಗೆ ಆ ಸಂಖ್ಯೆ 6 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆಂಟನಿ ಜೇ ಅವರಿಗೂ ‘ಪಬ್ಲಿಕ್ ಚಾಯ್ಸ್’ ಅನ್ನೋ ಅರ್ಥಶಾಸ್ತ್ರದ ಚಿಂತನೆ ಮೆಚ್ಚುಗೆಯಾಗಿತ್ತು. ಅಧಿಕಾರಿ ಅಂದ್ರೆ ಜನಸೇವಕ ಅಲ್ಲ, ಅವನೂ ತನ್ನ ಬಜೆಟ್ಟು, ತನ್ನ ಸಿಬ್ಬಂದಿ, ತನ್ನ ಲಾಭ ನೋಡಿಕೊಳ್ಳೋ ಮನುಷ್ಯ ಅನ್ನೋದು ಅದರ ತಿರುಳು. ಹಂಫ್ರಿಯನ್ನ ನೋಡಿ, ಆ ಸಿದ್ಧಾಂತವೇ ಕೋಟು ಹಾಕಿಕೊಂಡು ನಡೆದಾಡಿದ ಹಾಗಿದೆ. ಲಿನ್ ಅವರ ರಾಜಕೀಯ ಒಲವು ಜೇ ಅವರದ್ದರ ಹಾಗಿರಲಿಲ್ಲ. ಅದಕ್ಕೇ ಧಾರಾವಾಹಿ ಒಂದು ಪಕ್ಷದ ಕರಪತ್ರ ಆಗಲಿಲ್ಲ ಅನ್ಸುತ್ತೆ. ಆದ್ರೆ ನೋಡಿ ನಕ್ಕವರಲ್ಲಿ ಎಷ್ಟೋ ಜನಕ್ಕೆ ಉಳಿದದ್ದು ಒಂದೇ ಮಾತು: ಸರ್ಕಾರದ ಕೈಲಿ ಏನೂ ಆಗಲ್ಲ.

ನನಗೆ ತಕರಾರು ಇರೋದು ಇಲ್ಲೇ. ಯಾರು ಈ ಮಾತನ್ನ ನಂಬಿದ್ರೆ ಯಾರಿಗೆ ಲಾಭ? ಸರ್ಕಾರಿ ಆಸ್ಪತ್ರೆ ದಂಡ ಅಂತ ನಕ್ಕು ಖಾಸಗಿ ಆಸ್ಪತ್ರೆಗೆ ಹೋಗೋ ಶಕ್ತಿ ಇರೋವನಿಗೆ ಆ ನಗು ಅಗ್ಗ. ಶಕ್ತಿ ಇಲ್ಲದವನಿಗೆ ಅದೇ ಆಸ್ಪತ್ರೆ ಬೇಕು. ಅದು ಸರಿ ಆಗಬೇಕು, ಮುಚ್ಚಬಾರದು.

ಇನ್ನೊಂದು ಮುಖವೂ ಇದೆ. ಹಂಫ್ರಿ ಇಲ್ಲ ಅನ್ನೋದು ಯಾವಾಗಲೂ ತಪ್ಪಾ? ನನ್ನ ಚಿಕ್ಕಮ್ಮ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಿಯಾದವರು. ಅವರಿಗೆ ಈ ಧಾರಾವಾಹಿಯ ಕೆಲವು ದೃಶ್ಯ ತೋರಿಸಿ, ಕನ್ನಡದಲ್ಲಿ ವಿವರಿಸ್ತಾ ಹೋದೆ. ನಾನು ನಗ್ತಿದ್ದೆ, ಅವರು ನಗಲಿಲ್ಲ. “ನೀನು ಮಂತ್ರಿ ಕಡೆಯಿಂದ ನೋಡ್ತಿದೀಯ ಕಣೋ. ನಾಳೆ ಲೆಕ್ಕಪರಿಶೋಧನೆಯವರು ಬಂದಾಗ ಮಂತ್ರಿ ಬರ್ತಾರಾ? ಬಾಯಲ್ಲಿ ಹೇಳಿ ಹೋಗ್ತಾರೆ. ಫೈಲಲ್ಲಿ ಬರೆದದ್ದೇ ನಮ್ಮ ಕೈಹಿಡಿಯೋದು” ಅಂದರು. ಆ ಮಾತು ಕೇಳಿದ ಮೇಲೆ ನಾನು ಹುಡುಕಿ ಓದಿದ ಕಥೆ ಇದು.

ಮಲೇಷ್ಯಾದ ಪೆರ್ಗಾವು ನದಿಗೆ ಒಂದು ಅಣೆಕಟ್ಟು. ಅದಕ್ಕೆ ಬ್ರಿಟನ್ ತನ್ನ ವಿದೇಶಿ ನೆರವಿನ ಹಣದಿಂದ 23.4 ಕೋಟಿ ಪೌಂಡ್ ಕೊಡೋಕೆ ಹೊರಟಿತು. ಮಾತು ಕೊಟ್ಟದ್ದು ಥ್ಯಾಚರ್ ಕಾಲದಲ್ಲಿ. ಹಿನ್ನೆಲೆಯಲ್ಲಿ ಮಲೇಷ್ಯಾಕ್ಕೆ ದೊಡ್ಡ ಪ್ರಮಾಣದಲ್ಲಿ ಶಸ್ತ್ರಾಸ್ತ್ರ ಮಾರೋ ಮಾತುಕತೆಯೂ ಇತ್ತು. ವಿದೇಶಿ ನೆರವು ಇಲಾಖೆಯ ಕಾಯಂ ಕಾರ್ಯದರ್ಶಿ ಟಿಮ್ ಲ್ಯಾಂಕೆಸ್ಟರ್ ಲೆಕ್ಕ ಹಾಕಿ, ಇದು ಜನರ ದುಡ್ಡಿಗೆ ಮೋಸ, ಯೋಜನೆ ಲಾಭದಾಯಕ ಅಲ್ಲ ಅಂತ ವಿರೋಧಿಸಿದರು. ಲ್ಯಾಂಕೆಸ್ಟರ್ ಯಾರು ಗೊತ್ತಾ? ಥ್ಯಾಚರ್ ಪ್ರಧಾನಿಯಾದ ಮೊದಲ ವರ್ಷಗಳಲ್ಲಿ ಅವರದೇ ಆಪ್ತ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದವರು. ನಿಜಜೀವನದ ಬರ್ನಾರ್ಡ್, ಬೆಳೆದು ಹಂಫ್ರಿ ಕುರ್ಚಿಗೆ ಬಂದಿದ್ದರು.

ಬ್ರಿಟನ್ನಿನಲ್ಲಿ ಒಂದು ಪದ್ಧತಿ ಇದೆ. ಇಲಾಖೆಯ ಖರ್ಚಿಗೆ ಕಾಯಂ ಕಾರ್ಯದರ್ಶಿಯೇ ಸಂಸತ್ತಿಗೆ ಉತ್ತರ ಕೊಡಬೇಕು. ಹಣ ಪೋಲಾಗುತ್ತೆ ಅನ್ಸಿದ್ರೆ, ಲಿಖಿತ ಆದೇಶ ಕೊಡಿ, ಆಗ ಮಾಡ್ತೀನಿ ಅಂತ ಮಂತ್ರಿಯನ್ನ ಕೇಳಬಹುದು. ಲ್ಯಾಂಕೆಸ್ಟರ್ ಹಾಗೇ ಕೇಳಿದರು. 1991ರಲ್ಲಿ ವಿದೇಶಾಂಗ ಮಂತ್ರಿ ಡಗ್ಲಸ್ ಹರ್ಡ್ ಲಿಖಿತ ಆದೇಶ ಕೊಟ್ಟರು. ಹಣ ಹೋಯ್ತು, ಅಣೆಕಟ್ಟು ಕಟ್ಟಿದರು. ಆದ್ರೆ ಆ ಕಾಗದ ಉಳಿದಿತ್ತು. 1993ರಲ್ಲಿ ಲೆಕ್ಕಪರಿಶೋಧನಾ ವರದಿಯಿಂದ ವಿಷಯ ಹೊರಗೆ ಬಂತು. ಒಂದು ಸ್ವಯಂಸೇವಾ ಸಂಸ್ಥೆ ಕೋರ್ಟಿಗೆ ಹೋಯ್ತು. 1994ರ ನವೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟು, ಈ ನೆರವು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು.

ಒಬ್ಬ ಹಂಫ್ರಿ ಬರೆದ ಆಕ್ಷೇಪದ ಕಾಗದ ಇಲ್ಲದಿದ್ರೆ ಆ ಕೇಸು ನಿಲ್ಲೋದೇ ಕಷ್ಟವಿತ್ತು. ಇಂಥ ಹಂಫ್ರಿಯನ್ನ ಧಾರಾವಾಹಿ ತೋರಿಸೋದು ಕಡಿಮೆ. ತೋರಿಸಿದ್ರೆ ನಗು ಬರೋದಿಲ್ಲ, ಅದೂ ನಿಜ.

ಈಗ ನಮ್ಮಲ್ಲಿಗೆ. ಹಂಫ್ರಿಗೆ ಇದ್ದ ದೊಡ್ಡ ಬಲ ಯಾವುದು? ಅವರನ್ನ ಸುಲಭಕ್ಕೆ ಎತ್ತಂಗಡಿ ಮಾಡೋಕಾಗಲ್ಲ. ನಮ್ಮಲ್ಲಿ ಸಂವಿಧಾನದ 311ನೇ ವಿಧಿ ಸರ್ಕಾರಿ ನೌಕರನನ್ನ ಕಾರಣವಿಲ್ಲದೆ ವಜಾ ಮಾಡೋದಕ್ಕೆ ಅಡ್ಡ ನಿಲ್ಲುತ್ತೆ. ವರ್ಗಾವಣೆಗೆ ಅದು ಅಡ್ಡಿ ಅಲ್ಲ. ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ ತಮ್ಮ ಸೇವಾವಧಿಯಲ್ಲಿ 50ಕ್ಕೂ ಹೆಚ್ಚು ಸಲ ವರ್ಗವಾದರು. ‘ಯೆಸ್ ಮಿನಿಸ್ಟರ್’ನಲ್ಲಿ ಮಂತ್ರಿ ಅತಿಥಿ, ಕಾರ್ಯದರ್ಶಿ ಮನೆಯವನು. ನಮ್ಮಲ್ಲಿ ಎಷ್ಟೋ ಸಲ ಇಬ್ಬರೂ ಅತಿಥಿಗಳೇ. ಹಾಗಾದಾಗ ಊರಿನ ರಸ್ತೆ, ಕೆರೆ, ಶಾಲೆಯ ಕಡತಕ್ಕೆ ಮನೆಯವರು ಯಾರು?

ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2013ರ ಅಕ್ಟೋಬರ್ 31ರಂದು ತೀರ್ಪು ಬಂತು. ಅಧಿಕಾರಿಗಳಿಗೆ ನಿಗದಿತ ಕನಿಷ್ಠ ಅವಧಿ ಇರಬೇಕು, ವರ್ಗಾವಣೆ ನೋಡೋಕೆ ಮಂಡಳಿ ಇರಬೇಕು, ಬಾಯಿಮಾತಿನ ಆದೇಶವನ್ನ ಕಡತದಲ್ಲಿ ದಾಖಲಿಸಬೇಕು. ಮುಂದಿನ ವರ್ಷ ಐಎಎಸ್ ನಿಯಮಕ್ಕೆ ತಿದ್ದುಪಡಿಯಾಗಿ ಒಂದು ಹುದ್ದೆಗೆ ಸಾಮಾನ್ಯವಾಗಿ ಎರಡು ವರ್ಷ ಅಂತಾಯ್ತು. ಮಂಡಳಿ ಒಪ್ಪಿದ್ರೆ ಅದಕ್ಕೂ ಮೊದಲೇ ಎತ್ತಬಹುದು ಅನ್ನೋ ದಾರಿಯೂ ಅಲ್ಲೇ ಇದೆ. ನನ್ನ ಚಿಕ್ಕಮ್ಮ ಹೇಳಿದ್ದನ್ನೇ ಸುಪ್ರೀಂ ಕೋರ್ಟು ಕಾನೂನಿನ ಭಾಷೆಯಲ್ಲಿ ಹೇಳಿತು: ಬರೆದು ಕೊಡಿ.

ಹಾಗಾದ್ರೆ ಈ ಧಾರಾವಾಹಿ ನೋಡಬೇಕಾ? ಖಂಡಿತ ನೋಡಿ. ಅಮೆರಿಕದ ‘ದ ವೆಸ್ಟ್ ವಿಂಗ್’ ನೋಡಿದ್ರೆ ಒಳ್ಳೆಯವರೆಲ್ಲ ಸೇರಿ ದೇಶ ನಡೆಸ್ತಿದ್ದಾರೆ ಅನ್ಸುತ್ತೆ. ‘ಹೌಸ್ ಆಫ್ ಕಾರ್ಡ್ಸ್’ ನೋಡಿದ್ರೆ ಎಲ್ಲರೂ ರಾಕ್ಷಸರೇ ಅನ್ಸುತ್ತೆ. ‘ಯೆಸ್ ಮಿನಿಸ್ಟರ್’ನಲ್ಲಿ ದೇವರೂ ಇಲ್ಲ, ರಾಕ್ಷಸರೂ ಇಲ್ಲ. ಹ್ಯಾಕರ್ ಪುಕ್ಕಲ, ಆದ್ರೆ ಆಗಾಗ ಮನಸ್ಸಾಕ್ಷಿ ಚುಚ್ಚುತ್ತೆ. ಹಂಫ್ರಿ ಕಿಲಾಡಿ, ಆದ್ರೆ ಕೆಲವೊಮ್ಮೆ ಅವರು ಹೇಳಿದ್ದೇ ಸರಿ. ಆ ಕೋಣೆಯಲ್ಲಿ ನಾವಿದ್ದಿದ್ರೂ ಹಾಗೇ ಆಡ್ತಿದ್ವೇನೋ ಅನ್ನೋ ಅನುಮಾನ ಬರುತ್ತೆ. ಸೊಸ್ಕಿಸ್ ಅನ್ನೋ ಸಭ್ಯ ಮನುಷ್ಯನಿಗೆ ಆದದ್ದೂ ಅದೇ ಅಲ್ವಾ?

ನೋಡುವಾಗ ಒಂದು ಕೆಲಸ ಮಾಡಿ. ಪ್ರತಿ ಸಂಚಿಕೆ ಮುಗಿದ ಮೇಲೆ ಕೇಳ್ಕೊಳ್ಳಿ: ಇಲ್ಲಿ ಬೇಡ ಅಂದವರು ಯಾರು, ಯಾಕೆ ಅಂದರು, ಅದು ಎಲ್ಲಾದ್ರೂ ಬರಹದಲ್ಲಿ ಇದೆಯಾ? ಇದೇ ಪ್ರಶ್ನೆಯನ್ನ ನಿಮ್ಮ ಊರಿನ ಕಡತಕ್ಕೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದ್ರೆ, 30 ದಿನದೊಳಗೆ ಉತ್ತರ ಕೊಡಬೇಕು. ಬರೀ ಕೊನೆಯ ಆದೇಶ ಕೇಳಬೇಡಿ. ‘ಟಿಪ್ಪಣಿ ಹಾಳೆಗಳ ನಕಲು ಸಹಿತ’ ಅಂತ ಅರ್ಜಿಯಲ್ಲಿ ಬರೆಯಿರಿ. ಯಾವ ಅಧಿಕಾರಿ ಏನು ಸೂಚಿಸಿದರು, ಮೇಲಿನವರು ಅದನ್ನ ಹೇಗೆ ತಿರುಗಿಸಿದರು, ಎಲ್ಲಿ ತಿಂಗಳುಗಟ್ಟಲೆ ಕೂತಿತು ಅನ್ನೋದೆಲ್ಲ ಕಾಣೋದು ಆ ಹಾಳೆಗಳಲ್ಲಿ.

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ಆ ಸಾಲಿನ ಮುಂದೆ ನಿಂತು ಸೆಲ್ಫಿ ತಗೊಳ್ಳುವಾಗ ಎಷ್ಟೋ ಜನ ನಗ್ತಾರೆ, ನಾನೂ ನಕ್ಕಿದೀನಿ. ನಗೋದ್ರಲ್ಲಿ ತಪ್ಪಿಲ್ಲ. ನಕ್ಕಾದ ಮೇಲೆ ಒಂದು ಅರ್ಜಿ ಬರೆಯೋಕೂ ಹತ್ತು ನಿಮಿಷ ಇಟ್ಕೊಳ್ಳಿ. ಬರೆದ್ರೆ, ಉತ್ತರ ಏನು ಬಂತು ಅಂತ ನಮಗೂ ತಿಳಿಸಿ. ಮುಂದಿನ ವಾರ ಇನ್ನೊಂದು ಕಥೆಯೊಂದಿಗೆ ಸಿಗ್ತೀನಿ.